ಎಲ್ಲ ಗಿಡಕ್ಕೂ ಒಂದೇ ಕತ್ತರಿಯೇ?

ದೀಪಾವಳಿ ಮುಗಿದು ಮಳೆ ಹಿಂದೆ ಸರಿಯುತ್ತಿದ್ದಂತೆ ನಮ್ಮ ಬಡಾವಣೆಗಳಲ್ಲಿ ಮಾಲಿಗಳ ಸುಗ್ಗಿ ಶುರುವಾಗುತ್ತದೆ. ಸೈಕಲ್ಲಿನ ಹಿಂದೆ ಕುಡುಗೋಲು, ಉದ್ದ ಹಿಡಿಯ ಕತ್ತರಿ, ಒಂದೆರಡು ಗೋಣಿಚೀಲ. ಗೇಟು ತಟ್ಟಿ "ಅಮ್ಮಾ, ಗಿಡ ಕ್ಲೀನ್ ಮಾಡಿಸ್ತೀರಾ?" ಎಂದು ಕೇಳುತ್ತಾರೆ. ಮಳೆಗಾಲವಿಡೀ ಹೇಗೆಂದರೆ ಹಾಗೆ ಬೆಳೆದು ಕಾಂಪೌಂಡ್ ದಾಟಿ ಪಕ್ಕದ ಮನೆಯವರ ಕಾರಿಗೆ ಒರಗಿದ ಕೊಂಬೆಗಳನ್ನು ನೋಡಿ ಬೇಸತ್ತವರು ಹೂಂ ಎನ್ನುತ್ತಾರೆ. ಎರಡು ತಾಸಿನೊಳಗೆ ಗುಲಾಬಿ, ದಾಸವಾಳ, ಕರಿಬೇವು, ಮಾವು, ಸೀಬೆ, ಮಲ್ಲಿಗೆ ಎಲ್ಲವೂ ಸೊಂಟದೆತ್ತರಕ್ಕೆ ಬಂದು, ಬೇಸಿಗೆ ರಜೆಗೆ ಕ್ಷೌರ ಮಾಡಿಸಿಕೊಂಡ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ಒಂದೂವರೆ ತಿಂಗಳಿಗೆ ಗುಲಾಬಿ ಭರ್ಜರಿ ಹೂ ಬಿಡುತ್ತದೆ, ಮಾಲಿಗೆ ಶಹಬ್ಬಾಸ್‌ಗಿರಿ ಸಿಗುತ್ತದೆ. ಆ ವರ್ಷ ಮಾವು ಹೂವನ್ನೇ ಬಿಡುವುದಿಲ್ಲ, ಅದರ ಅಪವಾದ ಹವಾಮಾನ ಬದಲಾವಣೆಯ ತಲೆಗೆ ಬೀಳುತ್ತದೆ.

ಮಾಲಿಯೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಚಳಿಗಾಲ ಬಂದರೆ ಗಿಡ ಸವರಬೇಕು ಎಂಬ ಪಾಠವನ್ನು ಅವನಿಗೂ ನಮಗೂ ಕಲಿಸಿದ್ದು ಹಿಮ ಬೀಳುವ ದೇಶಗಳ ತೋಟಗಾರಿಕೆ ಪುಸ್ತಕಗಳು, ಈಗೀಗ ಯೂಟ್ಯೂಬ್ ವಿಡಿಯೊಗಳು. ಆ ದೇಶಗಳ ಮಟ್ಟಿಗೆ ಪಾಠ ಸರಿಯಾಗಿಯೇ ಇದೆ. ಇಂಗ್ಲೆಂಡಿನ ಸೇಬಿನ ಮರ ಡಿಸೆಂಬರಿನ ಹೊತ್ತಿಗೆ ಎಲೆ ಕಳಚಿ ನಿದ್ದೆ ಹೋಗಿರುತ್ತದೆ. ಉಣ್ಣುವ ಸತ್ವವೆಲ್ಲ ಬೇರು, ಕಾಂಡದಲ್ಲಿ ಭದ್ರವಾಗಿರುತ್ತದೆ. ಬೋಳು ಮರದಲ್ಲಿ ಯಾವ ಕೊಂಬೆ ಯಾವುದಕ್ಕೆ ಉಜ್ಜುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕತ್ತರಿಸಿದರೂ ವಸಂತದವರೆಗೆ ಅದು ಚಿಗುರುವುದಿಲ್ಲ. ಸೇಬಿಗೆ ಆ ನಿದ್ದೆ ಬೇಕೇ ಬೇಕು. 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ನೂರಾರು ಗಂಟೆ ಕಳೆಯದೆ ಹೆಚ್ಚಿನ ತಳಿಗಳು ಸರಿಯಾಗಿ ಹೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಸೇಬಿನ ಲೆಕ್ಕದಲ್ಲಿ ಈ ಊರಿಗೆ ಚಳಿಗಾಲ ಇನ್ನೂ ಬಂದೇ ಇಲ್ಲ. ಸಾಮಾನ್ಯ ಜನವರಿಯ ರಾತ್ರಿ ನಾವು ಸ್ವೆಟರ್ ಹಾಕಿಕೊಂಡು ಟೀ ಕುಡಿಯುವ 15–16 ಡಿಗ್ರಿಯಲ್ಲಿ ಹೆಚ್ಚಿನ ಗಿಡಗಳು ಮಲಗುವುದಿಲ್ಲ.

ಹಾಗಾದರೆ ಏನು ಮಾಡುತ್ತಿರುತ್ತವೆ? ಒಂದೊಂದೂ ಒಂದೊಂದು ಮಾಡುತ್ತಿರುತ್ತದೆ. ಸೀತಾಫಲ, ದೇವಕಣಗಿಲೆ ನಿಜಕ್ಕೂ ಎಲೆ ಉದುರಿಸಿ ಸುಮ್ಮನಾಗುತ್ತವೆ. ಕರಿಬೇವು, ದಾಸವಾಳ ಮಂಕಾಗಿ, ಹೊಸ ಎಲೆ ಬಿಡಲು ಮೀನಮೇಷ ಎಣಿಸುತ್ತವೆ. ಸೇವಂತಿಗೆ, ಕಾಕಡ, ಸ್ಫಟಿಕ, ಗೋರಂಟೆಗಳಿಗೆ ಇದು ಹಬ್ಬದ ಕಾಲ. ಮಾವು, ಹಲಸು ಹೊರಗೆ ತೋರಿಸಿಕೊಳ್ಳದೆ ಒಳಗೊಳಗೇ ಹೂವಿನ ತಯಾರಿ ನಡೆಸಿರುತ್ತವೆ. ಇವೆಲ್ಲವನ್ನೂ ಒಂದೇ ದಿನ, ಒಂದೇ ಎತ್ತರಕ್ಕೆ ಸವರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ನನ್ನ ಪ್ರಕಾರ ಕತ್ತರಿ ಹಿಡಿಯುವ ಮುನ್ನ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈ ಗಿಡದ ಹೂವು ಎಲ್ಲಿ ಬರುತ್ತದೆ? ಇನ್ನು ಮೇಲೆ ಚಿಗುರುವ ಹೊಸ ಕೊಂಬೆಯಲ್ಲೋ, ಈಗಾಗಲೇ ಬಲಿತು ನಿಂತಿರುವ ಕೊಂಬೆಯ ತುದಿಯಲ್ಲೋ, ಅಥವಾ ಕಾಂಡದ ಮೇಲೋ? ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡವನ್ನು ಕತ್ತರಿಸಿದರೆ ಹೂವು ಹೆಚ್ಚುತ್ತದೆ. ಬಲಿತ ಕೊಂಬೆಯ ತುದಿಯಲ್ಲಿ ಬಿಡುವುದನ್ನು ಹೂ ಕಟ್ಟುವ ಮುಂಚೆ ಕತ್ತರಿಸಿದರೆ ಆ ವರ್ಷದ ಹೂವನ್ನೇ ಗೋಣಿಚೀಲಕ್ಕೆ ತುಂಬಿ ಕಳಿಸಿದಂತಾಗುತ್ತದೆ.

ಕತ್ತರಿಸಿದರೆ ಚಿಗುರುವುದೇಕೆ ಎಂಬುದರ ಹಿಂದೆ ಒಂದು ಸ್ವಾರಸ್ಯವಿದೆ. ಕೊಂಬೆಯ ತುದಿಯ ಕುಡಿ ತನ್ನ ಕೆಳಗಿನ ಕಣ್ಣುಗಳನ್ನು ತಲೆಯೆತ್ತಲು ಬಿಡುವುದಿಲ್ಲ. 1930ರ ದಶಕದಲ್ಲಿ ಕೆನೆತ್ ತಿಮನ್ ಮತ್ತು ಫೋಕ್ ಸ್ಕೂಗ್ ಎಂಬಿಬ್ಬರು ವಿಜ್ಞಾನಿಗಳು ಅವರೆ ಜಾತಿಯ ಗಿಡದ ಕುಡಿ ಚಿವುಟಿ, ಆ ಜಾಗದಲ್ಲಿ ಆಕ್ಸಿನ್ ಎಂಬ ಹಾರ್ಮೋನು ಇಟ್ಟು ನೋಡಿದರು. ಕುಡಿ ಇಲ್ಲದಿದ್ದರೂ ಕೆಳಗಿನ ಕಣ್ಣುಗಳು ಮಿಸುಕಲಿಲ್ಲ. ಕುಡಿ ಅಧಿಕಾರ ನಡೆಸುವುದು ಈ ರಸದ ಬಲದಿಂದ ಎಂದು ಬಹುಕಾಲ ನಂಬಿದ್ದಾಯಿತು. 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬಟಾಣಿ ಗಿಡ ಇಟ್ಟುಕೊಂಡು ಇದಕ್ಕೊಂದು ತಿದ್ದುಪಡಿ ತಂದರು. ಬೆಳೆಯುವ ಕುಡಿ ಸಕ್ಕರೆಯನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಅದನ್ನು ತೆಗೆದ ಕೂಡಲೇ ಸಕ್ಕರೆ ಕೆಳಗಿನ ಕಣ್ಣುಗಳಿಗೆ ಹರಿದು ಅವು ಏಳುತ್ತವೆ, ಹಾರ್ಮೋನಿನ ಪಾತ್ರ ಆಮೇಲೆ ಬರುತ್ತದೆ. ಅಂದರೆ ಕತ್ತರಿ ಗಿಡಕ್ಕೆ ಹೊಸ ಶಕ್ತಿಯನ್ನೇನೂ ತುಂಬುವುದಿಲ್ಲ, ಇದ್ದ ಊಟವನ್ನು ಬೇರೆ ಎಲೆಗೆ ಬಡಿಸುತ್ತದೆ ಅಷ್ಟೆ. ಊಟವೇ ಕಡಿಮೆಯಿರುವ ಬಡಕಲು ಗಿಡವನ್ನು ಕತ್ತರಿಸಿ ಕತ್ತರಿಸಿ ಪೊದೆಯಾಗಲೆಂದು ಕಾಯುವವರಿಗೆ ಇದನ್ನು ಹೇಳಬೇಕು.

ಗುಲಾಬಿಯಿಂದ ಶುರು ಮಾಡೋಣ. ಚಳಿಗಾಲದ ಕತ್ತರಿ ನಮ್ಮಲ್ಲಿ ಯಾವ ಗಿಡಕ್ಕಾದರೂ ನಿಜವಾಗಿ ಒಪ್ಪುವುದಿದ್ದರೆ ಅದು ಗುಲಾಬಿಗೇ. ಕಸಿ ಕಟ್ಟಿದ ದೊಡ್ಡ ಹೂವಿನ ತಳಿಗಳೆಲ್ಲ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತವೆ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಕತ್ತರಿಸಿದ ಆರು, ಏಳು ವಾರಕ್ಕೆ ಹೂವು ಬರುತ್ತದೆ. ಈ ಲೆಕ್ಕ ಎಷ್ಟು ನೆಚ್ಚಿಕೊಳ್ಳುವಂಥದ್ದೆಂದರೆ, ಪ್ರೇಮಿಗಳ ದಿನದ ಮಾರುಕಟ್ಟೆಗೆ ಹೂ ಬೆಳೆಯುವ ಬೆಂಗಳೂರು ಸುತ್ತಲಿನ ಪಾಲಿಹೌಸ್‌ನವರು ಡಿಸೆಂಬರಿನಲ್ಲೇ ದಿನ ಎಣಿಸಿ ಕತ್ತರಿ ಹಾಕುತ್ತಾರೆ. ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಮನೆಯ ಗುಲಾಬಿಯೂ ಅರಳಿರಲಿ ಎನ್ನುವವರು ಡಿಸೆಂಬರ್ ಎರಡನೇ ವಾರ ದಾಟಿಸಬಾರದು.

ಕತ್ತರಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಒಣಗಿದ್ದು, ಸೀಕಲಾದದ್ದು, ಒಂದಕ್ಕೊಂದು ಉಜ್ಜುವುದು, ಗಿಡದ ನಡುವಿಗೇ ನುಗ್ಗಿ ಬೆಳೆಯುವುದು, ಇವನ್ನು ಬುಡದಿಂದ ತೆಗೆಯಿರಿ. ಉಳಿದವುಗಳಲ್ಲಿ ಪೆನ್ಸಿಲ್ ದಪ್ಪದ, ಹಸಿರು ತೊಗಟೆಯ ನಾಲ್ಕೈದು ಕೊಂಬೆ ಸಾಕು. ಅವನ್ನು ಅರ್ಧದಷ್ಟು ಇಳಿಸಿ. ಕೊಂಬೆಯ ಮೇಲೆ ಎಲೆ ಇದ್ದ ಜಾಗದಲ್ಲಿ ಒಂದು ಸಣ್ಣ ಗೆರೆ, ಅದರ ಮೇಲೆ ಕೆಂಪಗೆ ಉಬ್ಬಿದ ಚುಕ್ಕೆ ಕಾಣುತ್ತದೆ. ಅದೇ ಕಣ್ಣು. ಗಿಡದ ಹೊರಗೆ ಮುಖ ಮಾಡಿದ ಕಣ್ಣನ್ನು ಆರಿಸಿ, ಅದಕ್ಕಿಂತ ಅರ್ಧ ಸೆಂಟಿಮೀಟರ್ ಮೇಲೆ, ನೀರು ಕಣ್ಣಿನ ಹಿಂಬದಿಗೆ ಜಾರುವಂತೆ ಓರೆಯಾಗಿ ಕತ್ತರಿಸಿ. ತೀರ ಹತ್ತಿರ ಕತ್ತರಿಸಿದರೆ ಕಣ್ಣು ಒಣಗುತ್ತದೆ, ತೀರ ಮೇಲೆ ಕತ್ತರಿಸಿದರೆ ಉಳಿದ ಮೋಟು ಸಾಯುತ್ತದೆ. ಈಗ ಕತ್ತರಿಸಿದ ಮುಖವನ್ನೇ ನೋಡಿ. ನಡುವಿನ ತಿರುಳು ಬೆಳ್ಳಗೆ, ಸುತ್ತ ಹಸಿರು ಉಂಗುರ ಇದ್ದರೆ ಕೊಂಬೆ ಆರೋಗ್ಯವಾಗಿದೆ. ತಿರುಳು ಕಂದು ಬಣ್ಣಕ್ಕೆ ತಿರುಗಿದ್ದರೆ, ಮೇಲಿನಿಂದ ಕೆಳಕ್ಕೆ ಕಪ್ಪಾಗಿ ಇಳಿಯುವ ತುದಿ ಒಣಗು ರೋಗ ಅಲ್ಲಿಯವರೆಗೆ ಬಂದಿದೆ ಎಂದರ್ಥ. ಬೆಳ್ಳನೆಯ ತಿರುಳು ಸಿಗುವವರೆಗೆ ಕಣ್ಣು ಕಣ್ಣಾಗಿ ಕೆಳಗಿಳಿಯಬೇಕು. ಹೊರಗಿನ ತೊಗಟೆ ಹಸಿರಾಗಿಯೇ ಇದ್ದು ಒಳಗೆ ಕಂದಾಗಿರುವುದುಂಟು. ನೋಡದೆ ಬಿಟ್ಟರೆ ಸಂಕ್ರಾಂತಿಯ ಹೊತ್ತಿಗೆ ಆ ಕೊಂಬೆ ಬುಡದವರೆಗೆ ಹೋಗಿರುತ್ತದೆ.

ಗಂಟಿನ ಕೆಳಗಿನಿಂದ, ಅಂದರೆ ಕಸಿ ಕಟ್ಟಿದ ಜಾಗಕ್ಕಿಂತ ಕೆಳಗಿನಿಂದ, ದಷ್ಟಪುಷ್ಟವಾಗಿ ಎದ್ದ ಕೊಂಬೆ ಕಂಡರೆ ಹಿಗ್ಗಬೇಡಿ. ಅದು ಕಾಡು ಗುಲಾಬಿ. ಎಲೆಯ ಬಣ್ಣ, ಮುಳ್ಳಿನ ರೀತಿ ಮೇಲಿನದಕ್ಕಿಂತ ಬೇರೆ ಇರುತ್ತದೆ. ಬಿಟ್ಟರೆ ಎರಡು ವರ್ಷದಲ್ಲಿ ಮನೆ ಯಜಮಾನಿಕೆ ಅದರದ್ದೇ. ಕೆಂಪು ಗುಲಾಬಿ ತಂದಿದ್ದೆ, ಈಗ ಸಣ್ಣ ಬಿಳಿ ಹೂ ಬಿಡುತ್ತಿದೆ ಎಂದು ನರ್ಸರಿಯವರ ಮೇಲೆ ಮುನಿಸಿಕೊಳ್ಳುವವರ ಮನೆಯಲ್ಲಿ ಆಗಿರುವುದು ಬಹುಪಾಲು ಇಷ್ಟೇ.

ಕತ್ತರಿಸಿದ ತುದಿಗೆ ಬೋರ್ಡೊ ಮುಲಾಮು ಹಚ್ಚುವ ವಾಡಿಕೆ ಇದೆ. ನೂರು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆ ಕರಗಿಸಿ ಬೆರೆಸಿದರೆ ಮುಲಾಮು ಸಿದ್ಧ. ಕಬ್ಬಿಣದ ಪಾತ್ರೆ ಬೇಡ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಔಷಧಿ ಇದು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಸಿಂಪಡಿಸಲು ಹೇಳಿಕೊಟ್ಟ ಮೇಲೆ ಮಲೆನಾಡಿನ ಮನೆಮಾತಾಯಿತು. ಅಡಿಕೆ ತೋಟವಿರುವ ಮನೆಗಳ ಹಟ್ಟಿಯಲ್ಲಿ ಮೈಲುತುತ್ತದ ಪೊಟ್ಟಣ ಹೇಗೂ ಇರುತ್ತದೆ, ಅದರಿಂದಲೇ ಒಂದು ಚಿಟಿಕೆ ಗುಲಾಬಿಗೂ ಸಾಕು.

ಮಲ್ಲಿಗೆಯಲ್ಲಿ ಜಾತಿ ನೋಡದೆ ಕೈ ಹಾಕುವಂತಿಲ್ಲ. ದುಂಡುಮಲ್ಲಿಗೆಗೆ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್‌ವರೆಗೆ ಸರಿಯಾದ ಸಮಯ. ಅದಕ್ಕೆ ಮುಂಚೆ ಕೆಲವು ದಿನ ನೀರು ನಿಲ್ಲಿಸಿ, ನೆಲದಿಂದ ಮೊಣಕಾಲೆತ್ತರಕ್ಕೆ ಧೈರ್ಯವಾಗಿ ಕತ್ತರಿಸಿ, ಉಳಿದ ಎಲೆಗಳನ್ನೂ ಕೈಯಿಂದ ಸವರಿ ತೆಗೆದು, ಬುಡ ಕೆದಕಿ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಹೊಸ ಚಿಗುರಿನ ತುದಿಯಲ್ಲಿ ಬೇಸಿಗೆಗೆ ಮೊಗ್ಗು ತುಂಬುತ್ತದೆ. ಕತ್ತರಿಸಲು ಮನಸ್ಸು ಬಾರದೆ ಬಳ್ಳಿಯನ್ನು ಬಾಲ್ಕನಿಯವರೆಗೆ ಹತ್ತಿಸಿಕೊಂಡವರಿಗೆ ಎಲೆ ಬೇಕಾದಷ್ಟು ಸಿಗುತ್ತದೆ, ಹೂವು ಲೆಕ್ಕಕ್ಕೆ ನಾಲ್ಕು. ಕಾಕಡ ಈಗ ಹೂವಿನಲ್ಲಿದೆ, ಅದನ್ನು ಮುಟ್ಟಬೇಡಿ. ಜಾಜಿಗೆ ಡಿಸೆಂಬರ್ ಕೊನೆ, ಜನವರಿ ಆದೀತು. ಪಾರಿಜಾತದ ಹೂವು ಮುಗಿದಿದ್ದರೆ ಅದನ್ನೂ ಈಗಲೇ ತಗ್ಗಿಸಬಹುದು. ಹೊಸ ಕೊಂಬೆಯಲ್ಲೇ ಅದರ ಮುಂದಿನ ಹೂವು.

ಸೇವಂತಿಗೆಯ ಮಾತು ಬೇರೆ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಮಾತ್ರ ಅದಕ್ಕೆ ಮೊಗ್ಗಿನ ನೆನಪಾಗುತ್ತದೆ. ಗಿಡಗಳು ಹೀಗೆ ಹಗಲು ರಾತ್ರಿಯ ಉದ್ದಕ್ಕೆ ತಕ್ಕಂತೆ ಹೂ ಬಿಡುವುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬವರು 1920ರಲ್ಲಿ ತೋರಿಸಿಕೊಟ್ಟರು. ಬೀದಿದೀಪದ ಬೆಳಕು ನೇರ ಬೀಳುವ ಕಡೆ ಇಟ್ಟ ಸೇವಂತಿಗೆ ಕುಂಡ ಎಲೆಯಲ್ಲೇ ಉಳಿದರೆ ಗೊಬ್ಬರವನ್ನು ದೂರಬೇಡಿ, ಕುಂಡವನ್ನು ಮನೆ ಹಿಂದಕ್ಕೆ ಸರಿಸಿ. ಹೂವು ಮುಗಿದ ಮೇಲೆ ಗಿಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಬುಡದ ಸುತ್ತ ಕಂದುಗಳು ಏಳುತ್ತವೆ. ಮುಂದಿನ ವರ್ಷದ ಗಿಡಗಳು ಅವೇ.

ಇನ್ನು ಹಣ್ಣಿನ ಗಿಡಗಳು. ಮಾವು ಹೂ ಬಿಡುವುದು ಹಿಂದಿನ ತಿಂಗಳುಗಳಲ್ಲಿ ಬೆಳೆದು ಬಲಿತ ಕೊಂಬೆಯ ತುತ್ತತುದಿಯಲ್ಲಿ. ರಾತ್ರಿಯ ತಂಪು, ಒಣ ನೆಲ ಎರಡೂ ಸೇರಿ ಆ ತುದಿಯ ಮೊಗ್ಗನ್ನು ಎಲೆಯಿಂದ ಹೂವಿನ ಕಡೆಗೆ ತಿರುಗಿಸುತ್ತವೆ. ನಮ್ಮಲ್ಲಿ ರಾಮನಗರದ ಕಡೆ ಇದು ಬೇಗ ನಡೆಯುತ್ತದೆ, ಶ್ರೀನಿವಾಸಪುರದ ಕಡೆ ತಡವಾಗಿ. ಅದಕ್ಕೇ ಮಾರುಕಟ್ಟೆಗೂ ರಾಮನಗರದ ಹಣ್ಣು ಮೊದಲು. ಡಿಸೆಂಬರಿನಲ್ಲಿ ಆ ತುದಿಗಳನ್ನು ಕತ್ತರಿಸಿದರೆ ಮರ ಗಾಬರಿಯಿಂದ ಕೆಂಪು ಚಿಗುರು ಬಿಡುತ್ತದೆ. ನೋಡಲು ಚೆಂದ, ತಿನ್ನಲು ಏನೂ ಇಲ್ಲ. ಮಾವಿಗೆ ಕತ್ತರಿ ಹಾಕುವುದು ಹಣ್ಣು ಕಿತ್ತ ಕೂಡಲೇ, ಜೂನ್, ಜುಲೈನಲ್ಲಿ. ಅಲ್ಲಿಂದ ಹೊಸ ಕೊಂಬೆ ಬೆಳೆದು ಬಲಿಯಲು ಸಮಯ ಸಿಗುತ್ತದೆ. ಈಗ ಮಾಡಬಹುದಾದದ್ದು ಒಣಕೊಂಬೆ, ಬಂದಳಿಕೆ ತೆಗೆಯುವುದು ಮತ್ತು ನೀರು ಹಾಕದೆ ಸುಮ್ಮನಿರುವುದು. ಹೀಚುಕಾಯಿ ಬಟಾಣಿಯಷ್ಟಾಗುವವರೆಗೂ ಅದಕ್ಕೆ ನಿಮ್ಮ ಪೈಪು ಬೇಡ. ದಿನಾ ಅಂಗಳ ತೊಳೆದ ನೀರನ್ನು ಮಾವಿನ ಬುಡಕ್ಕೆ ಹರಿಸುವ ಮನೆಗಳಲ್ಲಿ ಮರ ಹಚ್ಚಹಸಿರಾಗಿ, ಹೂವಿಲ್ಲದೆ ನಿಲ್ಲುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹಲಸಿನ ಮರದಲ್ಲಿ ಆಗುವ ಅನಾಹುತ ಇನ್ನೂ ಮೋಜಿನದು. ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ ಅಲ್ಲಲ್ಲಿ ಮೋಟು ಕಡ್ಡಿಗಳು, ಅವುಗಳಲ್ಲಿ ನಾಲ್ಕಾರು ಎಲೆಗಳು ಹೊರಟಿರುತ್ತವೆ. ನೋಡುವವರಿಗೆ ಮರಕ್ಕೆ ಗಡ್ಡ ಬಂದಂತೆ. ಸ್ವಚ್ಛತೆಯ ಹುಮ್ಮಸ್ಸಿನಲ್ಲಿ ಕಾಂಡವನ್ನು ನುಣ್ಣಗೆ ಹೆರೆದುಬಿಡುತ್ತಾರೆ. ಹಲಸಿನ ಹೂ, ಆಮೇಲೆ ಕಾಯಿ ಕೂರುವುದು ಆ ಕಡ್ಡಿಗಳ ಮೇಲೆಯೇ, ಅದೂ ಈ ಚಳಿಯ ತಿಂಗಳುಗಳಲ್ಲೇ.

ಸೀತಾಫಲದ್ದು ಇದಕ್ಕೆ ಪೂರಾ ತದ್ವಿರುದ್ಧ. ಜನವರಿ, ಫೆಬ್ರವರಿಯಲ್ಲಿ ಎಲೆ ಉದುರಿದಾಗ ಸವರಿದರೆ ಹೊಸ ಎಲೆಯ ಜೊತೆಯಲ್ಲೇ ಹೂವು ಬರುತ್ತದೆ. ಇದರಲ್ಲೊಂದು ವಿಚಿತ್ರ ನೋಡಿ. ಬಹುಪಾಲು ಗಿಡಗಳಲ್ಲಿ ಕಣ್ಣು ಎಲೆತೊಟ್ಟಿನ ಕಂಕುಳಲ್ಲಿ ಕಾಣುವಂತೆ ಕೂತಿರುತ್ತದೆ. ಸೀತಾಫಲದಲ್ಲಿ ಅದು ತೊಟ್ಟಿನ ಬುಡದೊಳಗೇ ಹೂತಿರುತ್ತದೆ. ಎಲೆ ಕಳಚಿ ಬಿದ್ದಾಗಲೇ ಆ ಟೊಪ್ಪಿಗೆ ಕೆಳಗಿನ ಕಣ್ಣು ಬೆಳಕು ಕಾಣುವುದು. ಎಲೆ ಉದುರದ ಕೊಂಬೆಯೊಂದರಲ್ಲಿ ತೊಟ್ಟನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿ ಕಿತ್ತು ನೋಡಿ, ಕಂದು ಬಣ್ಣದ ಮೃದು ರೋಮದ ಒಂದು ಪುಟ್ಟ ಗುಬುಟು ಸಿಗುತ್ತದೆ. ಚಿಗುರಿಸಬೇಕಾದ ಕೊಂಬೆಯ ಎಲೆಗಳನ್ನು ಕೈಯಿಂದ ಕೀಳುವ ಪದ್ಧತಿ ಹುಟ್ಟಿದ್ದು ಇದರಿಂದ. ಸೀಬೆಯೂ ಹೊಸ ಚಿಗುರಿನ ಗಿಡ. ಕಾಯಿ ಮುಗಿದ ಕೊಂಬೆಯ ತುದಿಯನ್ನು ಒಂದು ಗೇಣು ಚಿವುಟಿದರೆ ಸಾಕು, ಚಿಗುರಿನ ಎಲೆಗಳ ಸಂದಿಯಲ್ಲಿ ಮೊಗ್ಗು ಕಾಣಿಸುತ್ತದೆ. ನಿಂಬೆಗೆ ಒಣಗಿದ್ದು ಮತ್ತು ಬುಡದಿಂದ ನೆಟ್ಟಗೆ ಏರುವ ಮುಳ್ಳುಗೊಂಬೆ ತೆಗೆದರೆ ಮುಗಿಯಿತು. ಅದಕ್ಕೆ ಹೆಚ್ಚು ಕತ್ತರಿ ಆಗಿಬರುವುದಿಲ್ಲ.

ಹೂವು ಎಲ್ಲಿ ಬರುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿ ತೀರ ಗಂಭೀರವಾಗಿ ತೆಗೆದುಕೊಂಡವರು ವಿಜಯಪುರದ ದ್ರಾಕ್ಷಿ ಬೆಳೆಗಾರರು. ಅಲ್ಲಿ ವರ್ಷಕ್ಕೆ ಎರಡು ಚಾಟನಿ, ಅಂದರೆ ಎರಡು ಸಲ ಸವರುವುದು. ಏಪ್ರಿಲ್‌ನಲ್ಲಿ ಒಂದೆರಡು ಕಣ್ಣು ಉಳಿಸಿ ಬೋಳು ಮಾಡುವುದು, ಅದರಿಂದ ಹೊಸ ಕಡ್ಡಿ ಬರುತ್ತದೆ. ಅಕ್ಟೋಬರಿನಲ್ಲಿ ಆ ಕಡ್ಡಿಯನ್ನು ಹಣ್ಣಿನ ಕಣ್ಣು ಉಳಿಯುವಷ್ಟು ಉದ್ದ ಬಿಟ್ಟು ಕತ್ತರಿಸುವುದು. ಎಷ್ಟನೇ ಕಣ್ಣಿನಲ್ಲಿ ಗೊನೆ ಅಡಗಿದೆ ಎಂದು ತಿಳಿಯಲು ಅಕ್ಟೋಬರ್ ಚಾಟನಿಗೆ ಮುನ್ನ ಕಡ್ಡಿ ಕೊಂಡೊಯ್ದು, ಕಣ್ಣು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿಕೊಂಡು ಬರುವವರೂ ಇದ್ದಾರೆ. ಒಂದೇ ಬಳ್ಳಿ, ಒಂದೇ ಕತ್ತರಿ, ಉದ್ದೇಶ ಮಾತ್ರ ಬೇರೆ. ಮನೆಯಂಗಳದ ಚಪ್ಪರಕ್ಕೆ ಸೂಕ್ಷ್ಮದರ್ಶಕ ಬೇಡ, ಆದರೆ ಕಣ್ಣು ಎಣಿಸುವ ಅಭ್ಯಾಸವನ್ನು ಅವರಿಂದ ಕಡ ತರಬಹುದು.

ಕತ್ತರಿಯ ವಿಷಯಕ್ಕೆ ಬಂದರೆ, ಅಂಗಡಿಗಳಲ್ಲಿ ಸಿಕೇಚರ್ ಎಂದು ಮಾರುವುದರಲ್ಲಿ ಎರಡು ಬಗೆ. ಎರಡು ಅಲಗು ಒಂದನ್ನೊಂದು ದಾಟಿ ಹೋಗುವಂಥದ್ದು ಹಸಿ ಕೊಂಬೆಗೆ. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಕೂರುವಂಥದ್ದು ಒಣಗಿದ್ದಕ್ಕೆ, ಹಸಿ ಕೊಂಬೆಯನ್ನು ಅದು ಜಜ್ಜುತ್ತದೆ. ಒಂದೇ ಕೊಳ್ಳುವುದಾದರೆ ಮೊದಲನೆಯದು. ರೋಗದ ಗಿಡದಿಂದ ಒಳ್ಳೆಯ ಗಿಡಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಬೆಳಗಿನ ಇಬ್ಬನಿ ಆರಿದ ಮೇಲೆ ಕೆಲಸ ಶುರು ಮಾಡಿ, ಒದ್ದೆ ಗಾಯದಲ್ಲಿ ಬೂಷ್ಟು ಬೇಗ ನಾಟುತ್ತದೆ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬ ಮಾತು ಗುಲಾಬಿ, ದುಂಡುಮಲ್ಲಿಗೆಯಂಥವನ್ನು ಬಿಟ್ಟರೆ ಉಳಿದ ಹೆಚ್ಚಿನವಕ್ಕೆ ಸರಿ.

ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಮ ಕೊಯ್ದರೆ ಅದು ಅರ್ಧಕ್ಕೆ ಮುರಿದು, ಜೊತೆಗೆ ಕಾಂಡದ ತೊಗಟೆಯನ್ನು ಒಂದು ಮಾರು ಸುಲಿದುಕೊಂಡೇ ಬೀಳುತ್ತದೆ. ಅದಕ್ಕೆ ಮೂರು ಕೊಯ್ತ ಬೇಕು. ಕಾಂಡದಿಂದ ಒಂದಡಿ ದೂರದಲ್ಲಿ ಕೊಂಬೆಯ ಕೆಳಗಿನಿಂದ ಮೂರನೇ ಒಂದು ಭಾಗದವರೆಗೆ ಮೊದಲನೆಯದು, ಅದಕ್ಕಿಂತ ತುಸು ಆಚೆ ಮೇಲಿನಿಂದ ಎರಡನೆಯದು. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು ತೆಗೆಯುವುದು ಮೂರನೆಯದು. ಈ ಮೂರನೆಯದರಲ್ಲೇ ನಮ್ಮವರು ಎಡವುವುದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸುತ್ತ ಉಬ್ಬಿದ, ಸುಕ್ಕುಗಟ್ಟಿದ ತೊಗಟೆಯ ಬಳೆ ಇರುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೀಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ, 1970ರ ದಶಕದಲ್ಲಿ ಒಂದು ವಿಷಯ ಖಚಿತಪಡಿಸಿದರು. ಮರಕ್ಕೆ ನಮ್ಮ ಹಾಗೆ ಗಾಯ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಬಂದಿ ಮಾಡಿ, ಹೊರಗೆ ಹೊಸ ಮರ ಬೆಳೆಸಿಕೊಳ್ಳುತ್ತದೆ. ಆ ಗೋಡೆ ಕಟ್ಟುವ ಸಾಮಗ್ರಿ ಇರುವುದು ಈ ಬಳೆಯಲ್ಲಿ. ಕಾಂಡಕ್ಕೆ ಸಪಾಟಾಗಿ ನುಣ್ಣಗೆ ಕೊಯ್ದರೆ ಬಳೆಯೇ ಹೋಯಿತು. ಮೋಟು ಬಿಟ್ಟರೆ ಅದು ಕೊಳೆತು ಒಳಗೆ ದಾರಿ ಮಾಡುತ್ತದೆ. ಬಳೆಯ ಹೊರ ಅಂಚಿಗೆ ಕೊಯ್ಯಬೇಕು. ದೊಡ್ಡ ಗಾಯಕ್ಕೆ ಡಾಂಬರು, ಪೇಂಟು ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ ಎಂದೂ ಶೀಗೋ ತೋರಿಸಿದರು. ಹಾಗಾದರೆ ಗುಲಾಬಿಗೆ ಬೋರ್ಡೊ ಏಕೆ ಎಂದು ಕೇಳಬಹುದು. ಅಲ್ಲಿ ನಾವು ತಡೆಯುತ್ತಿರುವುದು ಹಸಿ ತುದಿಯಿಂದ ಕೆಲವೇ ವಾರಗಳಲ್ಲಿ ಇಳಿಯುವ ಶಿಲೀಂಧ್ರವನ್ನು. ನಾನು ಗುಲಾಬಿಗೆ ಹಚ್ಚುತ್ತೇನೆ, ಮರಕ್ಕೆ ಹಚ್ಚುವುದಿಲ್ಲ.

ಮರ ಎಂದ ಮೇಲೆ ಒಂದು ಮಾತು. ನಿಮ್ಮದೇ ಕಾಂಪೌಂಡಿನೊಳಗಿದ್ದರೂ ಬಹಳಷ್ಟು ಜಾತಿಯ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ದೊಡ್ಡ ಕೊಂಬೆಗಳಿಗೆ ಕೊಡಲಿ ಹಾಕುವುದಿದ್ದರೂ ಮೊದಲು ಪಾಲಿಕೆಯ ಅರಣ್ಯ ವಿಭಾಗದಲ್ಲಿ ಕೇಳಿಕೊಳ್ಳುವುದು ಕ್ಷೇಮ. ವಿದ್ಯುತ್ ತಂತಿಗೆ ತಾಗಿದ ಕೊಂಬೆಯ ತಂಟೆಗೆ ಮಾತ್ರ ನೀವೂ ಹೋಗಬೇಡಿ, ಮಾಲಿಯನ್ನೂ ಹತ್ತಿಸಬೇಡಿ. ಹತ್ತುವ ಮುನ್ನ ಗೂಡಿದೆಯೇ ನೋಡಿ. ಜೇಡರ ಬಲೆ, ತೊಗಟೆ ಚೂರು ಸೇರಿಸಿ ಕಸದ ಉಂಡೆಯಂತೆ ಗೂಡು ನೇಯುವ ಸೂರಕ್ಕಿಗೆ ಇಂಥದ್ದೇ ಋತು ಎಂದಿಲ್ಲ.

ಕತ್ತರಿಸಿದ್ದನ್ನು, ಉದುರಿದ್ದನ್ನು ಏನು ಮಾಡುವುದು? ಗುಡಿಸಿ ಬೆಂಕಿ ಹಾಕುವ ಚಟ ಇನ್ನೂ ಹೋಗಿಲ್ಲ. ಬೆಳಗಿನ ಚಳಿಗೆ ಮೈ ಕಾಯಿಸಿಕೊಳ್ಳಲು ಹಿತ, ಪಕ್ಕದ ಮನೆಯ ಅಜ್ಜಿಯ ಉಬ್ಬಸಕ್ಕಲ್ಲ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ತರಗೆಲೆಯನ್ನು ಸುಡುವುದು ಗೊಬ್ಬರದ ಚೀಲ ಸುಟ್ಟ ಹಾಗೆಯೇ. ಮೂಲೆಯಲ್ಲಿ ತಂತಿ ಬಲೆಯ ಒಂದು ತೊಟ್ಟಿ ಮಾಡಿ ಒಣ ಎಲೆ ಎರಡು ಮೂರು ಪಾಲು, ಅಡುಗೆಮನೆಯ ಹಸಿ ಕಸ ಒಂದು ಪಾಲು, ನಡುನಡುವೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಮುಂದಿನ ಮಳೆಗಾಲದ ಹೊತ್ತಿಗೆ ಗೊಬ್ಬರ. ಕೊಂಬೆಗಳನ್ನು ಬೆರಳುದ್ದ ತುಂಡರಿಸಿ ಹಾಕಬೇಕು. ಕಪ್ಪು ಚುಕ್ಕೆ ಬಿದ್ದ ಗುಲಾಬಿ ಎಲೆ, ಹಿಟ್ಟು ತಿಗಣೆ ಹತ್ತಿದ ದಾಸವಾಳದ ಮುರುಟು ಕುಡಿ ಮಾತ್ರ ಅಲ್ಲಿಗೆ ಬೇಡ. ಅವನ್ನು ಕಟ್ಟಿ ಹೊರಗೆ ಕಳಿಸಿ. ಮಿಕ್ಕ ಎಲೆಯನ್ನು ಗಿಡದ ಬುಡಕ್ಕೆ ಎರಡಂಗುಲ ಹೊದಿಸಿದರೆ ಬೇಸಿಗೆಯಲ್ಲಿ ನೀರು ಉಳಿಯುತ್ತದೆ. ಕಾಂಡಕ್ಕೆ ತಾಗಿಸದೆ ಒಂದು ಗೇಣು ಬಿಡಿ, ಇಲ್ಲವಾದರೆ ಗೆದ್ದಲಿಗೆ ಮೆಟ್ಟಿಲು ಕಟ್ಟಿಕೊಟ್ಟಂತೆ. ಹಳೆಯ ರಾಶಿಯನ್ನು ಬರಿಗೈಯಲ್ಲಿ ಎತ್ತಬೇಡಿ, ಕೋಲಿನಿಂದ ಕೆದಕಿ. ಚಳಿಗೆ ಬೆಚ್ಚಗಿನ ಜಾಗ ಹುಡುಕುವುದು ನಾವೊಬ್ಬರೇ ಅಲ್ಲ.

ಚಳಿಗಾಲದ ಸ್ವಚ್ಛತೆಯಲ್ಲಿ ನಾನು ತುಂಬಾ ಮಹತ್ವ ಕೊಡುವ ಕೆಲಸ ಇನ್ನೊಂದಿದೆ: ಕುಂಡಗಳನ್ನು ಎತ್ತಿ ತಳ ನೋಡುವುದು. ಮಳೆಗಾಲದಲ್ಲಿ ಪಪ್ಪಾಯಿ, ಚೆಂಡುಹೂ, ಸೊಪ್ಪಿನ ಮಡಿ ಎಲ್ಲವನ್ನೂ ತಿಂದು ತೇಗಿದ ಆಫ್ರಿಕಾದ ದೈತ್ಯ ಬಸವನಹುಳು ಒಣ ತಿಂಗಳಲ್ಲಿ ಎಲ್ಲಿ ಹೋಗುತ್ತದೆ? ಕುಂಡದಡಿ, ಕಲ್ಲಿನ ಸಂದಿ, ಕಾಂಪೌಂಡಿನ ಮೂಲೆಗೆ ಸೇರಿ, ಚಿಪ್ಪಿನ ಬಾಯಿಗೆ ಕಾಗದದಂಥ ಬಿಳಿ ಪೊರೆ ಎಳೆದುಕೊಂಡು ಮಲಗುತ್ತದೆ. ನಮ್ಮ ಅಂಗಳದಲ್ಲಿ ಪುಸ್ತಕದ ಚಳಿಗಾಲವನ್ನು ನಿಷ್ಠೆಯಿಂದ ಆಚರಿಸುವ ಪ್ರಾಣಿ ಬಹುಶಃ ಇದೊಂದೇ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುಹುಳು ಪ್ರಿಯ ಬ್ರಿಟಿಷನೊಬ್ಬ ಮಾರಿಷಸ್‌ನಿಂದ ಕೆಲವನ್ನು ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟದ್ದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಅಟ್ಟಾಡುವುದಕ್ಕಿಂತ ಈಗ ಹಗಲಿನಲ್ಲಿ ಮಲಗಿದ್ದನ್ನು ಆರಿಸುವುದು ಸುಲಭ. ಬರಿಗೈಯಿಂದ ಮುಟ್ಟಬೇಡಿ, ಮಿದುಳಿನ ಪೊರೆಗೆ ಬಾವು ತರುವ ಹುಳವೊಂದನ್ನು ಅದು ಹೊತ್ತಿರಬಹುದು. ಗ್ಲೌಸ್ ಹಾಕಿ ಆರಿಸಿ, ಗಟ್ಟಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ, ಆಮೇಲೆ ಆಳವಾಗಿ ಹೂಳಿ. ಕುಂಡ ಎತ್ತಿದಾಗಲೇ ಅಡಿಯ ತಟ್ಟೆಯ ನೀರನ್ನೂ ಚೆಲ್ಲಿ, ಡೆಂಗಿ ಸೊಳ್ಳೆಗೆ ಅಷ್ಟೇ ನೀರು ಧಾರಾಳ.

ಉಳಿದ ಗಿಡಗಳಿಗೆ ಕತ್ತರಿಯನ್ನು ಶಿವರಾತ್ರಿಯವರೆಗೆ ತಡೆಯಿರಿ. ಚಳಿ ಶಿವಶಿವಾ ಎಂದು ಓಡಿಹೋದ ಮೇಲೆ ದಾಸವಾಳ ಸವರಿದರೆ ಚಿಗುರು ತಕ್ಷಣ ನುಗ್ಗುತ್ತದೆ. ಡಿಸೆಂಬರಿನಲ್ಲಿ ಸವರಿದ್ದು ಎರಡು ತಿಂಗಳು ಬೋಳಾಗಿ ನಿಂತಿರುತ್ತದೆ. ಸ್ಫಟಿಕ, ಗೋರಂಟೆಗೂ ಹೂವು ಮುಗಿದ ಆ ಸಮಯವೇ ಸರಿ. ದೇವಕಣಗಿಲೆಯ ಕೊಂಬೆಯನ್ನು ಆಗ ಕತ್ತರಿಸಿ, ಹಾಲು ಸೋರಿ ಒಣಗುವಂತೆ ಒಂದು ವಾರ ನೆರಳಲ್ಲಿಟ್ಟು ನೆಟ್ಟರೆ ಬೇಸಿಗೆಯಲ್ಲೇ ಬೇರು ಬಿಡುತ್ತದೆ. ಮಹಡಿ ಮುಟ್ಟಿದ ಕರಿಬೇವನ್ನು ಎದೆಯೆತ್ತರಕ್ಕೆ ಇಳಿಸಿ, ಮತ್ತೆ ಬರುವ ಹೂಗೊಂಚಲನ್ನು ಚಿವುಟುತ್ತ ಹೋದರೆ ಪಕ್ಕದಿಂದ ಐದಾರು ಕೊಂಬೆ ಏಳುತ್ತವೆ, ಏಣಿ ಇಡದೆ ಒಗ್ಗರಣೆಗೆ ಎಲೆ ಕೈಗೆ ಸಿಗುತ್ತದೆ. ಇಳಿಸಿದ ಕೊಂಬೆಗಳ ಎಲೆಯನ್ನು ನೆರಳಲ್ಲಿ ಒಣಗಿಸಿದರೆ ವರ್ಷಕ್ಕಾಗುವಷ್ಟು ಚಟ್ನಿಪುಡಿ.